ಶಿರಾದಲ್ಲಿ ಕೊಂಡ ಜೂಮ್ ಲೆನ್ಸ್

ಮಧುಗಿರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಶಿರಾ ಬಸ್ ನಿಲ್ದಾಣದೆದುರಿನ ಸ್ಟುಡಿಯೋದಲ್ಲಿ ನನ್ನ ಕ್ಯಾಮೆರಾಗೆ ಹೊಂದುವ ಎರಡು ಹಳೇ ಲೆನ್ಸುಗಳಿದ್ದವು. ನನ್ನ ಕೈಲಿದ್ದ ದುಡ್ಡಿಗೆ ಬರುವುದು ಒಂದೇ. ದೂರದ್ದನ್ನು ಹತ್ತಿರಕ್ಕೆಳೆಯುವ ಜೂಮ್‌ಗಿಂತ, ಎಳೆಯಲು ಬಾರದ ಗಿಡ್ಡ ಲೆನ್ಸಿಗೇ ಬೆಲೆ ಹೆಚ್ಚು. ಇದರಲ್ಲೇನೋ ಮೋಸವಿದೆ ಅನ್ನಿಸಿತು. ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಒಂದು ಗೀರೂ ಕಾಣಲಿಲ್ಲ.

"ಇದಕ್ಯಾಕೆ ಜಾಸ್ತಿ ಸಾಹೇಬ್ರೇ?" ಎಂದೆ.

"ನನ್ ಮಗಳ ಮೊದಲ್ನೇ ಫೋಟೋ ಇದ್ರಾಗೇ ತೆಗ್ದಿದ್ದು. ಮನೇವ್ರು ಮಾರಿ ಅಂತಾರೆ. ರೇಟ್ ಏರ್ಸಿದ್ರೆ ಯಾರೂ ಕೇಳಲ್ಲ ಅಂತ ಇಂಗೆ ಮಾಡಿದೀನಿ," ಎಂದರು ಸ್ಟುಡಿಯೋದ ಮುದಿ ಸಾಹೇಬರು.

ಗಿರಾಕಿಯನ್ನು ಕರಗಿಸುವ ಮಾತೆಂದುಕೊಂಡು ಜೂಮನ್ನೇ ಕೊಂಡೆ. ಬಸ್ಸು ಹತ್ತಿ, ಅದನ್ನು ಕ್ಯಾಮೆರಾಗೆ ಹಾಕಿ ಕಿಟಕಿಯಿಂದ ಸ್ಟುಡಿಯೋದತ್ತ ತಿರುಗಿಸಿ ಎಳೆದೆ. ಸಾಹೇಬರು ಗಿಡ್ಡ ಲೆನ್ಸನ್ನು ಜುಬ್ಬಾದ ಅಂಚಿನಿಂದ ಮೆಲ್ಲಗೆ ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.