ಬಚ್ಚಲುಮನೆಯಲ್ಲಿ ಬಂದ ಎರಡನೆಯ ಕೈ

ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ದಿನ ಸುಮ್ಮನಿದ್ದೆ. ಇಂಥ ಕಥೆಗಳನ್ನು ಬೇರೆಯವರು ಹೇಳಿದಾಗ ಸೆರಗು ಬಾಯಿಗಡ್ಡ ಹಿಡಿದು ನಕ್ಕವಳು ನಾನು. ನಮ್ಮತ್ತೆ ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನು ತಲೆಯೆತ್ತಿ ಅದು ಯಾವ ಹುಳ ಹಿಡಿಯಿತು ಎಂದು ನೋಡುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕಣ್ಣಳತೆಯಲ್ಲಿ ಬೆಳೆದವಳು. ಸುಳ್ಳು ಹೇಳಬಾರದು, ಕಂಡದ್ದನ್ನು ಕಂಡಂತೆ ಹೇಳಬೇಕು ಎಂದು ಕಲಿಸಿದ್ದರು. ಈಗ ಕಂಡದ್ದನ್ನು ಕಂಡಂತೆಯೇ ಹೇಳುತ್ತೇನೆ. ನೀವು ನಕ್ಕರೆ ನನ್ನದೇನೂ ಆಕ್ಷೇಪವಿಲ್ಲ.

ನಾನು ಮದುವೆಯಾಗಿ ಮಂಡ್ಯಕ್ಕೆ ಬಂದ ಮೂರನೆಯ ವರ್ಷ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ನಮ್ಮ ಯಜಮಾನರು ನಾಲೆ ಇಲಾಖೆಯಲ್ಲಿ ಓವರ್‌ಸಿಯರ್; ಮದ್ದೂರು, ಮಳವಳ್ಳಿ ಕಡೆ ತೂಬು ನೋಡಿಕೊಂಡು ಸೈಕಲ್ಲಿನಲ್ಲಿ ಸುತ್ತುತ್ತಿದ್ದರು. ಅವರಿಗೊಂದು ಕ್ಯಾಮೆರಾ ಇತ್ತು. ಫಿಲ್ಮು ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ಪೇಟೆಬೀದಿಯಲ್ಲಿ ಪಟ ತೆಗೆಯುವ ಅಂಗಡಿ ಇಟ್ಟಿದ್ದ ಗಫಾರ್ ಸಾಹೇಬರೂ ಫಿಲ್ಮಿಲ್ಲದೆ ಗಡಿಯಾರ ರಿಪೇರಿಗೆ ಇಳಿದಿದ್ದರು. ಆದರೆ ಪಟ ಅಚ್ಚು ಹಾಕುವ ಕಾಗದ ಅವರ ಬೀರುವಿನಲ್ಲಿ ಮಿಕ್ಕಿತ್ತು, ಗುಂಪು ಪಟಕ್ಕೆಂದು ತರಿಸಿದ್ದ ದೊಡ್ಡ ಅಳತೆಯದು. ಅದರಲ್ಲಿ ಸೀಲು ಒಡೆಯದ ಒಂದು ಪೊಟ್ಟಣವನ್ನು ಯಜಮಾನರು ಮನೆಗೆ ತಂದರು. ತಂದದ್ದೇನೋ ಸರಿ, ಅದರಿಂದ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

ನನಗೆ ತಿಳಿದಿತ್ತು. ನಮಗೆ ಚಿತ್ರ ಬರೆಯಲು ಕಲಿಸುತ್ತಿದ್ದ ಸಿಸ್ಟರ್ ಒಮ್ಮೆ ಕತ್ತಲೆ ಕೋಣೆಯಲ್ಲಿ ಇಂಥದೇ ಕಾಗದದ ಮೇಲೆ ಜರೀಗಿಡದ ಎಲೆ ಇಟ್ಟು, ಎರಡು ಕ್ಷಣ ಬೆಳಕು ತೋರಿಸಿ, ಮದ್ದಿನ ನೀರಿನಲ್ಲಿ ಅದ್ದಿ ತೋರಿಸಿದ್ದರು. ಬೆಳಕು ಬಿದ್ದ ಕಡೆಯೆಲ್ಲ ಕಪ್ಪು; ಎಲೆ ಇದ್ದ ಜಾಗ ಮಾತ್ರ ಬೆಳ್ಳಗೆ, ಒಂದೊಂದು ಹಲ್ಲೂ ಕಾಣುವಂತೆ. ಕ್ಯಾಮೆರಾವೂ ಬೇಡ, ಫಿಲ್ಮೂ ಬೇಡ.

ನಮ್ಮ ಬಚ್ಚಲುಮನೆ ಕತ್ತಲೆ ಕೋಣೆಯಾಯಿತು. ಹಂಡೆಯ ಮೇಲಿನ ಬೆಳಕಿಂಡಿಗೆ ತಗಡು ಮುಚ್ಚಿ ಅದಕ್ಕೊಂದು ಹಗ್ಗ ಕಟ್ಟಿದೆ. ಎಳೆದರೆ ಬೆಳಕು, ಬಿಟ್ಟರೆ ಕತ್ತಲೆ. ಲಾಟೀನಿಗೆ ಕೆಂಪು ಕಾಗದ ಸುತ್ತಿದೆ, ಆ ಬೆಳಕಿಗೆ ಪಟದ ಕಾಗದ ಕಪ್ಪಾಗುವುದಿಲ್ಲ. ಎನಾಮಲ್ ಬೇಸಿನ್ನುಗಳಲ್ಲಿ ಸಾಹೇಬರೇ ಕೊಟ್ಟ ಮದ್ದು. ಮಧ್ಯಾಹ್ನ ಎಲ್ಲರ ಸ್ನಾನ, ಊಟ ಮುಗಿದ ಮೇಲೆ ನನ್ನ ಆಟ. ಕರಿಬೇವಿನ ಕಡ್ಡಿ, ನನ್ನ ಕಸೂತಿಯ ಲೇಸು, ಕೋಸಂಬರಿ ಸೌಟು, ಅತ್ತೆಯ ಬಾಚಣಿಗೆ, ಎಲ್ಲವೂ ಬೆಳ್ಳಗೆ ಎದ್ದು ಬಂದವು. ಅತ್ತೆಗೆ ಬಾಚಣಿಗೆಯ ಪಟ ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇರೋ ಬಾಚಣ್ಗೆ ಬುಟ್ಟು ಅದರ ಪಿಚಾಚಿ ಯಾಕ್ ನೋಡ್ಬೇಕು ಕಣಮ್ಮ" ಎಂದರು. ಅವರಿಗೆ ಈ ಆಟದ ಮೇಲೆ ಮೊದಲೇ ಸಿಟ್ಟು. ಪಟ ನಿಲ್ಲಿಸುವ ಹೈಪೋ ಎಂಬ ಮದ್ದಿನ ಹರಳು ನೋಡಲು ಕಲ್ಲುಸಕ್ಕರೆಯೇ; ಒಂದನ್ನು ಬಾಯಿಗೆ ಹಾಕಿಕೊಂಡು ಹಿತ್ತಿಲವರೆಗೂ ಉಗಿಯುತ್ತ ಹೋಗಿದ್ದರು.

ಈಗ ಚೆನ್ನಾಜಮ್ಮನ ವಿಷಯ. ಅವಳು ನನ್ನ ನಾದಿನಿ, ಯಜಮಾನರ ಒಬ್ಬಳೇ ತಂಗಿ. ಮನೆಯಲ್ಲಿ ಚೆನ್ನಿ. ಹತ್ತೊಂಬತ್ತು ವರ್ಷ, ಒಳ್ಳೆಯ ಗಟ್ಟಿಗಿತ್ತಿ, ಬಣ್ಣ ಮಾತ್ರ ಎಣ್ಣೆಗಪ್ಪು. ನನ್ನ ಕಣ್ಣಿಗೆ ಅದು ಬಹಳ ಚೆಂದ. ಆದರೆ ಹೆಣ್ಣು ನೋಡಲು ಬಂದ ಮೂರು ಕಡೆಯವರೂ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದು ಹೇಳಿ, ಬರೆಯಲಿಲ್ಲ. ಮೂರನೆಯವರು ಹೋದ ಸಂಜೆ ಅವಳು ತಟ್ಟೆಗಳನ್ನು ಬೂದಿಯಲ್ಲಿ ಉಜ್ಜುತ್ತ, "ಇನ್ನೊಂದ್ ಸಲ ಅಷ್ಟೆ ಅತ್ಗೆ. ಆಮೇಲೆ ಯಾರ ಮುಂದೂ ಚಾಪೆ ಮ್ಯಾಲೆ ಕುಂತ್ಕಳಕ್ಕಿಲ್ಲ" ಎಂದಳು. ಜೋರಾಗಿ ಹೇಳಲಿಲ್ಲ. ಅವಳು ಮೆಲ್ಲಗೆ ಹೇಳಿದ ಮಾತನ್ನು ಬದಲಾಯಿಸಿದ್ದನ್ನು ನಾನು ಕಂಡಿರಲಿಲ್ಲ.

ಆಗ ಹಲಗೂರಿನಿಂದ ಒಂದು ಸಂಬಂಧ ಬಂತು. ಹುಡುಗ ಬೋರೇಗೌಡ, ತಂದೆ ಇಲ್ಲ, ಕಬ್ಬಿನ ಗದ್ದೆ, ಸ್ವಂತ ಆಲೆಮನೆ. ದೂರದಿಂದ ಬರಬೇಕಾದ್ದರಿಂದ ಮೊದಲು ಹುಡುಗಿಯ ಪಟ ಕಳುಹಿಸಿ ಎಂದು ಕೇಳಿದರು. ಫಿಲ್ಮು ಎಲ್ಲಿದೆ. ಯಜಮಾನರು ಖಾಲಿ ಕ್ಯಾಮೆರಾವನ್ನು ಒರೆಸಿ ಒರೆಸಿ ಇಟ್ಟರು. ಚೆನ್ನಿಯೇ ದಾರಿ ತೋರಿಸಿದಳು.

"ಮಕ ನೋಡಿ ಮೂರ್ ಜನ ಎದ್ದೋದ್ರು. ಈ ಸಲ ಕೈ ಕಳ್ಸಿ ಅತ್ಗೆ. ದುಡಿಯೋ ಕೈ ನೋಡ್ಲಿ."

ಸಂಕ್ರಾಂತಿಯ ಹಿಂದಿನ ಮಧ್ಯಾಹ್ನ. ನನಗೆ ನೆನಪಿರುವುದಕ್ಕೆ ಕಾರಣ, ಅವಳ ಬೆರಳುಗಳಲ್ಲಿ ಕೊಬ್ಬರಿ ಹೆಚ್ಚಿದ ವಾಸನೆಯಿತ್ತು. ಬಚ್ಚಲುಮನೆಯಲ್ಲಿ ನಾವಿಬ್ಬರೇ, ಅತ್ತೆ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಎಳ್ಳು ಕೇರುತ್ತ ಕೂತಿದ್ದರು. ಒಗೆಯುವ ಕಲ್ಲಿನ ಮೇಲೆ ಕಾಗದ ಇಟ್ಟು, ಅದರ ಎಡಗಡೆ ಚೆನ್ನಿಯ ಬಲಗೈಯನ್ನು ಅಂಗೈ ಕೆಳಗಾಗಿ ಇಡಿಸಿ, ನಾನು ಹಗ್ಗದ ಹತ್ತಿರ ಹೋಗಿ ನಿಂತೆ. ಅವಳ ಕೈ ಅಲುಗದೆ ನಿಲ್ಲಲೆಂದು ಸ್ವಲ್ಪ ಹೊತ್ತು ಕಾದೆ. ಎಳೆದೆ. ಒಂದು, ಎರಡು, ಮೂರು. ಬಿಟ್ಟೆ.

ಮದ್ದಿನ ನೀರಿನಲ್ಲಿ ಮೊದಲು ಅಂಚುಗಳು ಕಪ್ಪಾದವು. ನಡುವೆ ಚೆನ್ನಿಯ ಕೈ ಬೆಳ್ಳಗೆ ಉಳಿಯಿತು, ಬಳೆಗಳ ಸಮೇತ. ಅದರ ಪಕ್ಕದಲ್ಲಿ ಇನ್ನೊಂದು ಬೆಳ್ಳನೆಯ ಆಕಾರ ಉಳಿಯುತ್ತಿತ್ತು. ಕಾಗದ ಕೆಟ್ಟಿದೆ ಎಂದುಕೊಂಡೆ. ಲಾಟೀನು ಹತ್ತಿರ ತಂದೆ. ಅದು ಇನ್ನೊಂದು ಕೈ. ದೊಡ್ಡ ಕೈ, ಗಂಡಸಿನದು. ಹೆಬ್ಬೆರಳು ಹೊರಕ್ಕೆ ಬಾಗಿತ್ತು, ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಅದರ ತೋರುಬೆರಳು ಚೆನ್ನಿಯ ಕಿರುಬೆರಳಿಗೆ ತಾಗಿಕೊಂಡಿತ್ತು.

ಪಟವನ್ನು ಹೈಪೋದಲ್ಲಿ ಅದ್ದಿ ನಿಲ್ಲಿಸಿದೆ. ಬಾಗಿಲು ತೆರೆದು ಅತ್ತೆಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿದರು. ಸತ್ತುಹೋದ ನಮ್ಮ ಮಾವನವರು ನನ್ನ ಮನಸ್ಸಿಗೆ ಬಂದಿದ್ದರು, ಅದನ್ನು ಅಂಜುತ್ತಂಜುತ್ತ ಕೇಳಿದೆ.

"ಅವರ್ದಲ್ಲ ಬುಡು" ಎಂದರು ಅತ್ತೆ. "ಅವರ್ದು ಹತ್ತು ಬೆಳ್ಳೂ ಸರ್ಯಾಗಿದ್ವು. ಬದುಕಿದ್ದಾಗ್ಲೇ ಒಂದಿನ ನನ್ ಕೈ ಇಡಿಲಿಲ್ಲ, ಈಗ್ ಬಂದು ಮಗಳ ಕೈ ಇಡಿತಾರಾ."

ಅವರು ಆ ಪಟವನ್ನು ರಾಗಿ ತುಂಬುವ ಮಣ್ಣಿನ ವಾಡೆಯ ಹಿಂದೆ ಬಚ್ಚಿಟ್ಟು, ಬಚ್ಚಲಿಗೆ ಅರಿಸಿನದ ನೀರು ಚಿಮುಕಿಸಿ, ಇನ್ನೊಂದು ತೆಗೆಯಲು ಹೇಳಿದರು. ಎರಡನೆಯದರಲ್ಲಿ ಒಂದೇ ಕೈ ಬಂತು. ಅದನ್ನು ಒಣಗಿಸಿ ಹಲಗೂರಿಗೆ ಕಳುಹಿಸಿದೆವು. ಮಾರನೆಯ ದಿನ ಎಳ್ಳು ಬೀರುವಾಗಲೂ ನನ್ನ ತಲೆಯಲ್ಲಿ ಆ ಅರ್ಧ ಬೆರಳೇ.

ಯಜಮಾನರು ನನ್ನ ಮಾತು ಕೇಳಿ ಗಫಾರ್ ಸಾಹೇಬರನ್ನು ವಿಚಾರಿಸಲು ನನ್ನನ್ನೂ ಕರೆದುಕೊಂಡು ಹೋದರು. ಸಾಹೇಬರು ಕಣ್ಣಿನಿಂದ ಗಡಿಯಾರದ ಭೂತಗನ್ನಡಿ ತೆಗೆಯದೆಯೇ ಕೇಳಿಸಿಕೊಂಡು, ಹಳೆಯ ಕಾಗದದ ಮೇಲೆ ಯಾರೋ ಹಿಂದೆ ಕೈ ಇಟ್ಟು ಬೆಳಕು ತೋರಿಸಿರಬಹುದು ಎಂದರು. ಸೀಲು ನಾನೇ ಒಡೆದದ್ದು ಎಂದೆ. ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಬೆರಳು ಎಣಿಸಿಕೊಂಡು, "ಹತ್ತೂ ಅವೆ ತಾಯಿ, ನಂದಂತೂ ಅಲ್ಲ" ಎಂದು ಮತ್ತೆ ಗಡಿಯಾರಕ್ಕೆ ಬಾಗಿದರು.

ಹಲಗೂರಿನಿಂದ ಉತ್ತರ ಬಂದಾಗ ಈ ಭಯವನ್ನು ಮರೆಸುವಂಥ ಇನ್ನೊಂದು ಭಯ ಬಂತು. ಹುಡುಗನ ಸೋದರಮಾವ ಬರೆಸಿದ್ದರು: 'ಹುಡುಗಿ ಹಾಲಿನಂಥ ಬಣ್ಣವೆಂದು ಪಟದಿಂದ ತಿಳಿದು ಮನೆಯವರೆಲ್ಲರಿಗೂ ಸಂತೋಷವಾಯಿತು. ಇನ್ನು ನೋಡುವುದೇನೂ ಇಲ್ಲ, ಶಾಸ್ತ್ರಕ್ಕೆ ಬರುತ್ತೇವೆ.'

ಆ ಪಟದ ಕಾಗದದ ಮೇಲೆ ಇಜ್ಜಲು ಇಟ್ಟರೂ ಬೆಳ್ಳಗೇ ಬರುತ್ತದೆ ಎಂಬುದು ನನಗೆ ಗೊತ್ತಿತ್ತು, ಅವರಿಗೆ ಹೇಗೆ ಗೊತ್ತಾಗಬೇಕು. ಸುಳ್ಳು ಹೇಳಬಾರದೆಂದು ಕಲಿತು ಬಂದವಳು ಒಂದು ಮನೆತನಕ್ಕೇ ಸುಳ್ಳು ಕಳುಹಿಸಿದ್ದೆ, ಅದೂ ಇನ್ನೊಂದೇ ಸಲ ಚಾಪೆಯ ಮೇಲೆ ಕೂರುತ್ತೇನೆಂದಿದ್ದ ಚೆನ್ನಿಯ ಪಾಲಿಗೆ. ನಿಜ ಬರೆದುಬಿಡೋಣ ಎಂದೆ.

ಅತ್ತೆ ಒಪ್ಪಲಿಲ್ಲ. "ನಾವ್ ಕೈ ಕಳ್ಸುದ್ವಿ, ಅದು ಬೆಳ್ಳಗೆ ಬಂತು. ನಾವೇನ್ ಸುಣ್ಣ ಬಳುದ್ವಾ."

ಯುಗಾದಿಗೆ ಎಂಟು ದಿನ ಮುಂಚೆ ಅವರು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಸೋದರಮಾವನೇ ಮುಂದಾಳು, ಚಿಕ್ಕರಸಿನಕೆರೆಯವರು, ದಪ್ಪ ಮೀಸೆ, ದೋಸೆಯ ಕಾವಲಿಯ ಬಣ್ಣ. ಹುಡುಗ ಮಿತಭಾಷಿ. ಹೆಗಲ ಮೇಲಿನ ಟವೆಲನ್ನು ಬಲಗೈ ಮೇಲೆ ಇಳಿಬಿಟ್ಟುಕೊಂಡು ಕೂತಿದ್ದ. ಸೆಖೆಗೆ ಟವೆಲು ಯಾಕೆ ಎಂದು ನನಗೆ ಅನಿಸಿತು. ಚೆನ್ನಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಸೋದರಮಾವ ಅವಳ ಮುಖ ನೋಡಿದರು, ಕೈ ನೋಡಿದರು, ಜೇಬಿನಿಂದ ಪಟ ತೆಗೆದು ಅದನ್ನೂ ನೋಡಿದರು.

"ಕೈ ಬೆಳ್ಳಗಿತ್ತಲ್ಲ" ಎಂದರು.

ಯಜಮಾನರು ನೀರಿನ ಚೊಂಬನ್ನು ಅವರ ಕಡೆ ಸರಿಸಿದರು. ನಾನು ಬಾಗಿಲ ಹಿಂದೆ ಕಣ್ಣು ಮುಚ್ಚಿಕೊಂಡೆ. ಚೆನ್ನಿ ತಟ್ಟೆ ಕೆಳಗಿಟ್ಟಳು.

"ಅದ್ರಲ್ಲಿ ಯಾರ್ ಕೈ ಇಟ್ರೂ ಬೆಳ್ಳಗೇ ಬತ್ತದೆ. ನಿಮ್ದಿಟ್ರೂ ಬತ್ತದೆ, ಬೇಕಾದ್ರೆ ನೋಡಿ. ನಾನ್ ಇರೋದು ಇಂಗೇಯ."

ಸೋದರಮಾವ ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ. ಅವರು ಅಂಗಿಯ ತೋಳು ಮಡಿಸುತ್ತ, "ಎಲ್ಲಮ್ಮ ಇಡ್ಬೇಕು" ಎಂದು ನನ್ನನ್ನು ಕೇಳಿದರು.

ಮದ್ದು ಕಲಸಿ ಬಚ್ಚಲಿಗೆ ಕರೆದುಕೊಂಡು ಹೋದೆ. ಉಸಿರು ಬಿಗಿಹಿಡಿದು ಕೈ ಇಟ್ಟರು. ಪಟ ಏಳುತ್ತಿದ್ದ ಹಾಗೆ ಬೇಸಿನ್ನಿನ ಮೇಲೆ ಬಗ್ಗಿ ಮೀಸೆಯ ತುದಿಯನ್ನು ಮದ್ದಿನಲ್ಲಿ ಅದ್ದಿಕೊಂಡರು. ಒದ್ದೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹಜಾರಕ್ಕೆ ಬಂದು ಅಳಿಯನಿಗೆ ತೋರಿಸಿದರು. "ನೋಡ್ಲಾ, ದೊರೆ ಕೈ ಇದ್ದಂಗದೆ. ನಿಮ್ಮತ್ತೆಗೆ ತೋರಿಸ್ಬೇಕು ಕಣ್ಲಾ, ನಲವತ್ ವರ್ಸದಿಂದ ಕರಿಯ ಅಂತಾಳೆ."

ಆಮೇಲೆ ಹುಡುಗನ ತಾಯಿಗೂ ಆಸೆಯಾಯಿತು. ಇನ್ನು ಉಳಿದವನು ಹುಡುಗ. ಅವನು ಕೂತಲ್ಲಿಂದ ಏಳಲಿಲ್ಲ. ಸೋದರಮಾವನ ಮುಖ ಸ್ವಲ್ಪ ಇಳಿಯಿತು. ಕೊನೆಗೆ ತಾವೇ ಅವನ ಟವೆಲು ತೆಗೆದರು.

"ನಾವೂ ಒಂದ್ ಬರ್ಸಿರ್ಲಿಲ್ಲ. ಗಾಣದಲ್ಲಿ ಕಬ್ಬು ಕೊಡೋವಾಗ ಕಿರುಬೆಳ್ಳು ಸಿಕ್ಕಾಕತ್ತು. ನಿಮ್ದು ಬಣ್ಣ, ನಮ್ದು ಬೆಳ್ಳು. ಸರಿಗ್ ಸರಿ ಆಯ್ತು ಬುಡಿ."

ಕಿರುಬೆರಳು ಅರ್ಧಕ್ಕೆ ನಿಂತಿತ್ತು. ಹೆಬ್ಬೆರಳು ಹೊರಕ್ಕೆ ಬಾಗಿತ್ತು.

ಅತ್ತೆ ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ. ಹುಡುಗನ ಕೈಯ ಪಟವನ್ನೂ ತೆಗೆದೆ. ಹಗ್ಗ ಎಳೆಯುವಾಗ ಎಣಿಕೆ ತಪ್ಪಿ ಐದರವರೆಗೆ ಹೋಯಿತು. ಅತ್ತೆ ವಾಡೆಯ ಹಿಂದಿನಿಂದ ಹಳೆಯ ಪಟ ತಂದರು. ಬಚ್ಚಲಿನಲ್ಲೇ ಒಂದರ ಮೇಲೊಂದಿಟ್ಟು ಬೆಳಕಿಂಡಿಗೆ ಹಿಡಿದೆವು. ಬೆರಳಿಗೆ ಬೆರಳು ಕೂತಿತು. ಹೊರಗೆ ಬಂದು, ಬೆರಳು ಹೋದದ್ದು ಯಾವಾಗ ಎಂದು ಹುಡುಗನ ತಾಯಿಯನ್ನು ಆದಷ್ಟು ಸಹಜವಾಗಿ ಕೇಳಿದೆ.

"ಸಂಕ್ರಾಂತಿ ಆಗಿ ಹತ್ತು ದಿನಕ್ಕೆ ಕಣವ್ವ" ಎಂದರು ಅವರು. "ಹಬ್ಬದ ದಿನ ಇದೇ ಬೆಳ್ಳಲ್ಲಿ ಎತ್ತಿಗೆ ಬಣ್ಣ ಅಚ್ಚಿದ್ದ."

ಅಂದರೆ ನಮ್ಮ ಬಚ್ಚಲಿನಲ್ಲಿ ಆ ಪಟ ಬಂದ ದಿನ ಅವನ ಬೆರಳು ಪೂರ್ತಿಯಾಗಿತ್ತು. ಅತ್ತೆ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, ನಿನ್ನ ಆಟ ಒಬ್ಬರ ಬೆರಳು ತಿಂದಿತು ಎನ್ನುವಂತೆ ನೋಡಿದರು. ನನಗೂ ಅದೇ ಅಂಜಿಕೆ. ಹೊರಗೆ ಯಜಮಾನರು ಚೆನ್ನಿಯ ಅಭಿಪ್ರಾಯ ಕೇಳುತ್ತಿದ್ದರು. ಅವಳು ಹುಡುಗನ ಬಲಗೈಯನ್ನೇ ನೋಡುತ್ತ, ಆಗಲಿ ಎಂದು ತಲೆಯಾಡಿಸಿದಳು. ಸೋದರಮಾವ ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಆ ಬೇಸಿಗೆಯಲ್ಲೇ ಮದುವೆಯಾಯಿತು. ಉಳಿದ ಕಾಗದವನ್ನು ಗಫಾರ್ ಸಾಹೇಬರಿಗೆ ವಾಪಸು ಕೊಟ್ಟೆ. ಯಜಮಾನರು ಬಹಳ ದಿನ ಯೋಚಿಸಿ, ಬೆಳಕಿನ ವಕ್ರಗತಿ ಎಂದೇನೋ ಹೇಳಿದರು. ಬೆಳಕು ಎಷ್ಟೇ ವಕ್ರವಾದರೂ ಹಲಗೂರಿನವರೆಗೆ ಬಾಗಿ, ಇನ್ನೂ ಹೋಗದ ಬೆರಳನ್ನು ಮೊಟಕು ಮಾಡಿ ತರುವುದು ಹೇಗೆ ಎಂದಾಗ ಸೈಕಲ್ಲಿಗೆ ಗಾಳಿ ಹೊಡೆಯಲು ಹೋದರು.

ಮೂರು ನಾಲ್ಕು ವರ್ಷ ಕಳೆದ ಮೇಲೆ ನಾನು ಹಲಗೂರಿಗೆ ಹೋಗಿದ್ದೆ. ಚೆನ್ನಿ ಎರಡನೆಯ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಅವರೆಕಾಳು ಹಿದುಕುತ್ತಿದ್ದಳು, ನಾನೂ ಕೂತೆ. ಅವತ್ತು ಯಾವ ಧೈರ್ಯದ ಮೇಲೆ ಒಪ್ಪಿದೆ, ಹುಡುಗನೊಡನೆ ಒಂದು ಮಾತೂ ಆಡಿರಲಿಲ್ಲವಲ್ಲ ಎಂದು ಕೇಳಿದೆ.

"ಕೈ ನೋಡಿ, ಆ ಪಟದಲ್ಲಿದ್ದೋರು ಇವ್ರೇ ಅನ್ನುಸ್ತು, ಒಪ್ಕಂಡೆ" ಎಂದಳು. ಆಮೇಲೆ ಕಾಳು ಹಿದುಕುತ್ತಲೇ ಮುಂದುವರಿಸಿದಳು. "ಅವತ್ತು ಬಚ್ಚಲಲ್ಲಿ ನನ್ ಕೈ ಅಳ್ಳಾಡ್ದಂಗೆ ಪಕ್ಕದಲ್ಲಿ ಕೈ ಇಟ್ಕಂಡಿದ್ರಲ್ಲ ಅತ್ಗೆ, ಬೆಚ್ಚಗಿತ್ತು. ಕಣ್ ಮುಚ್ಕಂಡಿದ್ನಲ್ಲ, ನೀವೇ ಅನ್ಕಂಡಿದ್ದೆ. ಮದ್ವೇಲಿ ಧಾರೆ ಎರಿಯೋವಾಗ ಇವ್ರ ಕೈ ತಾಗ್ತಲ್ಲ, ಆಗ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ನೀವಲ್ಲ ಅಂತ" ಎಂದು ಅವಳು ಸಿಪ್ಪೆಗಳನ್ನು ಮೊರದ ಒಂದು ಬದಿಗೆ ಸರಿಸಿದಳು.