ಕಲಗಚ್ಚಿಗೆ ಬಿದ್ದ ದ್ರಾಕ್ಷಿ

ನಮ್ಮ ಮನೆಯ ಉಗ್ರಾಣದಲ್ಲಿ, ರಾಗಿ ಮೂಟೆಗಳ ಹಿಂದೆ, ಒಂದು ಜಾಡಿ ಉಸಿರಾಡುತ್ತಿತ್ತು. ಸುಮ್ಮನೆ ಹೇಳುತ್ತಿಲ್ಲ. ಕಿವಿ ಇಟ್ಟರೆ ಒಳಗಿನಿಂದ ಗುಳುಗುಳು, ಸುಸ್ ಸುಸ್ ಅಂತ ಕೇಳುತ್ತಿತ್ತು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬಂದು ನಿಂತ ರೈಲೂ ಅಷ್ಟು ಗಲಾಟೆ ಮಾಡುವುದಿಲ್ಲ. ನಡುಮನೆಯಲ್ಲಿ ಮಂಚ ಹಾಕಿಕೊಂಡು ಮಲಗುವ ಅಪ್ಪನಿಗೆ ಅದು ಕೇಳಿಸಿದರೆ ಏನು ಗತಿ ಅಂತ ನನಗೂ ಅಮ್ಮನಿಗೂ ಒಂದೇ ಚಿಂತೆ. ಯಾಕಂದರೆ ಜಾಡಿಯಲ್ಲಿ ಇದ್ದದ್ದು ವೈನು. ಅಪ್ಪ ಕುಡಿತ ಬಿಟ್ಟಿದ್ದು ಹೋದ ಯುಗಾದಿಗೆ.

ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಸಂಜೆ ಆಗುವುದು ಸೂರ್ಯ ಮುಳುಗಿದಾಗಲ್ಲ, ಅಮ್ಮ ಗಾಜಿನ ಲೋಟಗಳನ್ನು ಅಟ್ಟಕ್ಕೆ ಏರಿಸಿದಾಗ. ಒಂದೊಂದಾಗಿ, ಸದ್ದಿಲ್ಲದೆ ಏರಿಸುತ್ತಿದ್ದಳು. ಉಳಿದಿದ್ದೆಲ್ಲ ಸ್ಟೀಲು, ಎಸೆದರೆ ಸೊಟ್ಟಗಾಗುತ್ತದೆ ಅಷ್ಟೆ. ನಮ್ಮ ಮನೆಯ ಚೊಂಬುಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದೂ ಇನ್ನೊಂದರ ಕಡೆ ನೆಟ್ಟಗೆ ನೋಡುವುದಿಲ್ಲ. ಯುಗಾದಿ ಆದಮೇಲೆ ಲೋಟಗಳು ಕೆಳಗಿಳಿದವು. ನೆಂಟರಿಗೆ ಗಾಜಿನ ಲೋಟದಲ್ಲಿ ಮಜ್ಜಿಗೆ ಕೊಡುವಾಗ ಅಮ್ಮನ ನಡಿಗೆ ನೋಡಬೇಕಿತ್ತು. ಮೈಸೂರು ದಸರಾದ ಆನೆಗೂ ಅಷ್ಟು ಗತ್ತಿಲ್ಲ.

ಇಂಥ ಮನೆಗೆ ವೈನು ಬಂದಿದ್ದು ಕೆಜಿಎಫ್‌ನ ಮೈಸೂರು ಮೈನ್ಸಿನ ಆಂಟಿಯಿಂದ. ಅಮ್ಮ ಅವರಿಗೆ ನಾನು ಹುಟ್ಟುವ ಮುಂಚಿನಿಂದ ಹಾಲು ಹಾಕುತ್ತಿದ್ದಳು. ಅವರು ತಮಿಳು ಕ್ರಿಶ್ಚಿಯನ್ನರು. ಗಣಿ ಕೆಲಸಗಾರರ ಲೈನಿನಲ್ಲಿ ಎರಡು ಕೋಣೆಯ ಮನೆ. ಅಪ್ಪನ ಕೆಟ್ಟ ದಿನಗಳಲ್ಲಿ ನಾನೂ ಅಮ್ಮನೂ ಓಡಿಹೋಗಿ ಮಲಗುತ್ತಿದ್ದದ್ದು ಆ ಎರಡನೇ ಕೋಣೆಯಲ್ಲೇ. ಆಂಟಿ ಯಾವತ್ತೂ ಯಾಕೆ ಬಂದಿರಿ ಅಂತ ಕೇಳಲಿಲ್ಲ. ಚಾಪೆ ಹಾಸಿ, ನನಗೆ ಬಿಸ್ಕತ್ತು ಕೊಟ್ಟು, ದೀಪ ಆರಿಸುತ್ತಿದ್ದರು.

ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಅವರು ದ್ರಾಕ್ಷಿ ವೈನು ಮಾಡುತ್ತಿದ್ದರು. ಈ ಸಲ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದರು. ಸಾಲದ್ದಕ್ಕೆ ಮನೆಯ ಸೂರಿನ ಹಳೇ ಶೀಟು ಕಿತ್ತು ಹೊಸದು ಹಾಕಿಸುತ್ತಿದ್ದರು. ನಾವು ನೋಡಲು ಹೋದಾಗ ಒಳಗೆಲ್ಲ ಧೂಳು. ಜಾಡಿ ತೆರೆದರೆ ವೈನಾಗುವುದಿಲ್ಲ, ಗಾರೆಯಾಗುತ್ತದೆ.

"ನಮ್ಮನೇಲಿ ಮಾಡ್ತೀನಿ ಬುಡಿ ಆಂಟಿ," ಅಂದಳು ಅಮ್ಮ.

ಆಂಟಿ ಕಟ್ಟು ಹಾಕಿದ ಕೈಯನ್ನು ಎದೆಗಾನಿಸಿಕೊಂಡು ಅಮ್ಮನ ಮುಖ ನೋಡಿದರು. "ವೇಣಾಮ್ಮಾ, ಬೇಡ. ಮನೇಲಿ ಅವರು ಅದಾರಲ್ಲ."

"ಅವ್ರು ಉಗ್ರಾಣದ ಕಡೆ ತಲೆನೂ ಆಕಲ್ಲ. ರಾಗಿ ಎಲ್ಲದೆ ಅಂತ ಕೇಳಿದ್ರೆ ಹೊಲದಲ್ಲದೆ ಅಂತಾರೆ."

ಆಂಟಿ ನಗಲಿಲ್ಲ. ನಾನು ನಕ್ಕೆ. ಆಮೇಲೆ ಬಸ್ಸಿನಲ್ಲಿ ಅಮ್ಮನನ್ನು ನೋಡಿದರೆ ಅವಳು ಕಿಟಕಿಯಾಚೆ ನೋಡುತ್ತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಆಂಟಿಗೆ ಇಲ್ಲ ಅನ್ನಕ್ಕೆ ಆಗ್ತದೇನೇ?" ಅಂದಳು. ನಾನೇನೂ ಕೇಳಿರಲಿಲ್ಲ.

ವೈನು ಮಾಡುವುದು ಏನು ಮಹಾ ಅಂದುಕೊಂಡಿದ್ದೆ. ಮೊದಲ ದಿನವೇ ಗೊತ್ತಾಯಿತು, ಅದು ಬಾಣಂತನಕ್ಕಿಂತ ಕಷ್ಟ. ಬಂಗಾರಪೇಟೆಯ ಗಾಡಿಯವನ ಹತ್ತಿರ ಗೊಂಚಲಿನಿಂದ ಬಿಡಿಬಿಡಿಯಾಗಿ ಉದುರಿದ ಕಪ್ಪು ದ್ರಾಕ್ಷಿ ಅಗ್ಗಕ್ಕೆ ಸಿಕ್ಕಿತು. ಒಡೆದದ್ದು, ಬೂಸಲು ಹಿಡಿದದ್ದು ಒಂದೂ ಇರಬಾರದು ಅಂತ ಆಂಟಿ ಹೇಳಿದ್ದರು. ಆರಿಸಿ ಆರಿಸಿ ನನ್ನ ಕಣ್ಣೇ ದ್ರಾಕ್ಷಿಯಾಯಿತು. ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ, ಒಂದು ಹನಿ ನೀರೂ ಉಳಿಯದಂತೆ ಒಣಗಿಸಿದೆವು. ಉಪ್ಪಿನಕಾಯಿ ಜಾಡಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟೆವು. ಮೂರು ಸಲ ಮೂಸಿ, ಇನ್ನು ಮಾವಿನಕಾಯಿ ವಾಸನೆ ಇಲ್ಲ ಅಂತ ನಾನು ಪ್ರಮಾಣಪತ್ರ ಕೊಟ್ಟ ಮೇಲೆ ಅಮ್ಮ ದ್ರಾಕ್ಷಿಯನ್ನು ಕೈಯಿಂದಲೇ ಹಿಸುಕಿ ಹಾಕಿದಳು. ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ರಾಬರ್ಟ್‌ಸನ್‌ಪೇಟೆಯ ಬೇಕರಿಯಿಂದ ತಂದ ಚಿಟಿಕೆ ಈಸ್ಟು. ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಬಾರದು, ಬಟ್ಟೆ ಕಟ್ಟಬೇಕು. ದಿನಕ್ಕೊಂದು ಸಲ ಒಣಗಿದ ಮರದ ಸೌಟಿನಲ್ಲಿ ತಿರುವಬೇಕು.

"ಬಿಗಿಯಾಗ್ ಮುಚ್ಚಿದ್ರೆ ಏನಾಗ್ತದೆ ಆಂಟಿ?" ಅಂತ ಫೋನಿನಲ್ಲಿ ಕೇಳಿದ್ದೆ.

"ವೆಡಿಚ್ಚಿಡುಂ ಕಣ್ಣು. ಒಡೆದೋಗ್ತದೆ."

ಅವತ್ತಿನಿಂದ ನಾನು ಉಗ್ರಾಣದ ಬಾಗಿಲು ತೆರೆಯುವಾಗ ಗಣಿಯಲ್ಲಿ ಮದ್ದಿಟ್ಟವರ ಹಾಗೆ ಪಕ್ಕಕ್ಕೆ ನಿಂತು ತೆರೆಯುತ್ತಿದ್ದೆ.

ಆದರೆ ನಿಜವಾದ ಭಯ ಒಡೆಯುವುದರದ್ದಲ್ಲ. ಅಪ್ಪ ಕಂಡುಹಿಡಿದು, ಒಂದು ಲೋಟ ಬಗ್ಗಿಸಿಕೊಂಡರೆ? ಅಲ್ಲಿಗೆ ಯುಗಾದಿಯಿಂದ ಇಲ್ಲಿಯವರೆಗಿನದ್ದೆಲ್ಲ ನೀರುಪಾಲು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಸೌಟನ್ನು ಜಾಡಿಯ ತಳಕ್ಕೆ ಮುಟ್ಟಿಸಿ, ರಸ ಎಲ್ಲಿಯವರೆಗೆ ಬಂತೋ ಅಲ್ಲಿ ಹಿಡಿಯ ಮೇಲೆ ನೇಲ್ ಪಾಲಿಶ್‌ನಿಂದ ಗೆರೆ ಎಳೆದೆ. ಕೆಂಪು ಗೆರೆ. ದಿನಾ ತಿರುವುವ ಮುಂಚೆ ಅಳೆದು ನೋಡುವುದು.

ಕೆಲವು ದಿನ ಗೆರೆ ಮುಳುಗಿತ್ತು, ನೊರೆ ಮೇಲಕ್ಕೆ ಉಕ್ಕುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಗೆರೆ ಒಣಗಿ ನಿಂತಿದೆ. ಎರಡು ಬೆರಳಿನಷ್ಟು ಕಡಿಮೆ! ಅಮ್ಮನಿಗೆ ತೋರಿಸಿದೆ. ಅವಳು ಸೌಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನೀನೇ ನೆಕ್ಕಿದ್ಯೇನೇ?" ಅಂದಳು.

"ನಾನಾ? ಅದರ ವಾಸ್ನೆಗೇ ನಂಗೆ ವಾಂತಿ ಬತ್ತದೆ."

ಆಂಟಿಗೆ ಫೋನು ಮಾಡಿದೆವು. ನೊರೆ ಇಳಿದರೆ, ಸಿಪ್ಪೆ ಕೂತರೆ ಕಡಿಮೆಯಾದ ಹಾಗೆ ಕಾಣುತ್ತದೆ, ಎಲ್ಲರ ಜಾಡಿಯಲ್ಲೂ ಹಾಗೇ ಅಂದರು. ಅಮ್ಮ ಉಸಿರು ಬಿಟ್ಟಳು. ನನಗೆ ಸಮಾಧಾನ ಆಗಲಿಲ್ಲ. ಯಾಕಂದರೆ ಅದೇ ವಾರ ಅಪ್ಪ ತನ್ನ ಮಂಚ ಎತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಹಾಕಿಕೊಂಡಿದ್ದ.

"ಯಾಕಪ್ಪಾ?" ಅಂದೆ.

"ಒಳಗ್ ಸೆಕೆ ಕಣಮ್ಮ."

ಸೆಕೆ! ಅದು ಕಾರ್ತಿಕ ಕಳೆದ ಚಳಿ. ನಾನು ಎರಡು ಕಂಬಳಿ ಹೊದ್ದು, ಮೇಲೆ ಗೋಣಿಚೀಲವನ್ನೂ ಎಳೆದುಕೊಳ್ಳುತ್ತಿದ್ದೆ. ನಮ್ಮ ನಾಯಿ ಒಲೆಯೊಳಗೇ ಮಲಗಿ ಬೂದಿಬಣ್ಣಕ್ಕೆ ತಿರುಗಿತ್ತು. ಅಂಥದ್ದರಲ್ಲಿ ಅಪ್ಪನಿಗೆ ಸೆಕೆ. ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಒಂದು ಹಿತ್ತಲ ಬಾಗಿಲು. ಆ ಬಾಗಿಲಿನ ಚಿಲಕ ಯಾರು ತೆಗೆದರೂ ನನಗೆ ಕೇಳಿಸಲಿ ಅಂತ ನಾನು ಅದಕ್ಕೆ ಕರುವಿನ ಗೆಜ್ಜೆ ಕಟ್ಟಿದೆ. ಒಂದು ದಿನವೂ ಅದು ಸದ್ದು ಮಾಡಲಿಲ್ಲ. ಆದರೂ ಬೆಳಗ್ಗೆ ಎದ್ದ ಕೂಡಲೇ ಅಪ್ಪನ ಕಣ್ಣು ಕೆಂಪಗಿದೆಯಾ ಅಂತ ನೋಡುವುದು ಬಿಡಲಿಲ್ಲ. ಅಮ್ಮ ಕಾಫಿ ಕೊಡುವ ನೆವದಲ್ಲಿ ಹತ್ತಿರ ಬಗ್ಗಿ ಮೂಸುತ್ತಿದ್ದಳು. ಅಪ್ಪನಿಗೆ ಇಬ್ಬರು ಡಾಕ್ಟರು, ಫೀಸಿಲ್ಲ.

ಸೋಸುವ ದಿನ ಬಂತು. ಅಪ್ಪ ಬೇತಮಂಗಲದ ಕಡೆ ಮೇವು ನೋಡಲು ಹೋಗಿದ್ದ. ಅಮ್ಮ ಹಳೇ ಪಂಚೆಯನ್ನು ಕುದಿಸಿ ಒಣಗಿಸಿ ಇಟ್ಟಿದ್ದಳು. ನಾನು ಹಿಡಿದುಕೊಂಡೆ, ಅವಳು ಸುರಿದು ಹಿಂಡಿದಳು. ಕೆಂಪಗೆ, ದಪ್ಪಗೆ, ಲವಂಗದ ಘಮ. ರಸ ಮತ್ತೆ ಜಾಡಿ ಸೇರಿತು. ಇನ್ನು ಕ್ರಿಸ್‌ಮಸ್‌ವರೆಗೆ ಅಲುಗಾಡಿಸದೆ ಇಟ್ಟರೆ ಮುಗಿಯಿತು. ಅಮ್ಮನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

ಉಳಿದದ್ದು ಒಂದು ಬೇಸಿನ್ ಸಿಪ್ಪೆ, ಬೀಜ, ಗೋಧಿ.

ಹಾಲು ಕರೆಯುವವರ ಮನೆಯಲ್ಲಿ ತಿನ್ನುವ ಪದಾರ್ಥ ತಿಪ್ಪೆಗೆ ಹೋಗುವುದಿಲ್ಲ. ಅಕ್ಕಿ ತೊಳೆದ ನೀರು, ಮುದ್ದೆ ಪಾತ್ರೆಯ ತಳ, ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ಹಿತ್ತಲಿನ ಕಲಗಚ್ಚಿನ ತೊಟ್ಟಿಗೆ. ಅಲ್ಲಿಂದ ಹಸುವಿನ ಹೊಟ್ಟೆಗೆ. ಅಮ್ಮನ ಕೈಗೆ ಇದು ಯೋಚನೆ ಇಲ್ಲದೆ ಬರುವ ಕೆಲಸ, ಕಣ್ಣು ಮಿಟುಕಿಸಿದ ಹಾಗೆ. ನಾನು ಜಾಡಿಗೆ ಬಟ್ಟೆ ಕಟ್ಟಿ ಹೊರಗೆ ಬರುವಷ್ಟರಲ್ಲಿ ಬೇಸಿನ್ ಖಾಲಿ. ತೊಟ್ಟಿಯೂ ಖಾಲಿ. ನಮ್ಮ ಸೀಮೆ ಹಸು ಮೂತಿಗೆ ಅಂಟಿದ ದ್ರಾಕ್ಷಿ ಸಿಪ್ಪೆಯನ್ನು ನಾಲಗೆಯಿಂದ ಎಳೆದುಕೊಳ್ಳುತ್ತಿತ್ತು.

"ಅಮ್ಮಾ, ಅದನ್ ಎಲ್ಲಿಗ್ ಆಕ್ದೆ?"

ಅಮ್ಮ ಬೇಸಿನ್ ನೋಡಿದಳು. ಹಸುವನ್ನು ನೋಡಿದಳು. ಎರಡೂ ಕೈ ಬಾಯಿಗೆ ಹೋದವು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಹಸು ಕಂಬಕ್ಕೆ ಭುಜ ಕೊಟ್ಟು ನಿಂತಿತ್ತು, ಸಂತೆ ಮುಗಿಸಿ ಕೊನೇ ಬಸ್ಸಿಗೆ ಕಾಯುವ ಗಂಡಸಿನ ಹಾಗೆ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ತನ್ನ ಬಾಲವನ್ನೇ ತಿರುಗಿ ನೋಡಿ, ಇದು ಯಾರದು ಅನ್ನುವಂತೆ ದಿಟ್ಟಿಸಿತು. ಬೇರೆ ದಿನವಾಗಿದ್ದರೆ ವಿಡಿಯೋ ಮಾಡಿ ಇಡೀ ಕಾಲೇಜಿಗೆ ಕಳಿಸುತ್ತಿದ್ದೆ. ಅವತ್ತು ಫೋನು ಕೈಗೆ ತೆಗೆದುಕೊಳ್ಳಲೂ ಮನಸ್ಸಾಗಲಿಲ್ಲ. ನೀರು ಕುಡಿಸಿದೆವು, ಹುಲ್ಲು ಹಾಕಿದೆವು, ಮೂತಿ ತೊಳೆದೆವು. ಅಮ್ಮ ಅದರ ಬಾಯಿಗೆ ಪುದೀನಾ ಕೂಡ ತುರುಕಿದಳು.

ಸಂಜೆ ಅಪ್ಪ ಬಂದ. ಬಕೆಟ್ ತೆಗೆದುಕೊಂಡು ಕೊಟ್ಟಿಗೆಗೆ ಹೋದ. ಕುಕ್ಕರಗಾಲಲ್ಲಿ ಕೂತು, ದಿನದಂತೆ ಹಣೆಯನ್ನು ಹಸುವಿನ ಹೊಟ್ಟೆಗೆ ಆನಿಸಿ ಕೆಚ್ಚಲಿಗೆ ಕೈ ಹಾಕಿದ. ಎರಡು ಧಾರೆ ಬಕೆಟ್ಟಿಗೆ ಬಿದ್ದ ಸದ್ದು ಕೇಳಿತು. ಆಮೇಲೆ ಕೇಳಲಿಲ್ಲ.

ಎದ್ದು ಹಸುವಿನ ಮೂತಿಯ ಹತ್ತಿರ ಹೋದ. ಅದರ ಎರಡೂ ಕೆನ್ನೆ ಹಿಡಿದು ಮೂಸಿದ. ಬಕೆಟ್ಟನ್ನು ಅಲ್ಲೇ ಬಿಟ್ಟು, ಕೈಯನ್ನೂ ತೊಳೆಯದೆ, ಮೊಪೆಡ್ ಹತ್ತಿ ಹೊರಟುಹೋದ.

ಹಾಲು ಕರೆಯದೆ ಹೋದ! ಅಪ್ಪ ತನ್ನ ತೀರಾ ಕೆಟ್ಟ ದಿನಗಳಲ್ಲೂ ಹಾಲು ಕರೆದೇ ಬೀಳುತ್ತಿದ್ದ. ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. "ಎಲ್ಲಿಗ್ ಓದ್ರು?" ಅಂದಳು ಅಮ್ಮ. ರಸ್ತೆಯ ಆ ತುದಿಯಲ್ಲಿ ಡೈರಿ. ಡೈರಿ ದಾಟಿದರೆ ವೈನ್ ಶಾಪು. ನಾನು ಬಕೆಟ್ಟಿನ ಮುಂದೆ ಕೂತು ಕರೆದೆ. ಅರ್ಧ ಹಾಲು ನನ್ನ ಮೊಣಕಾಲಿಗೇ. ಒಳಗೆ ಬಂದು ನೋಡಿದರೆ ಅಮ್ಮ ಸ್ಟೂಲಿನ ಮೇಲೆ ನಿಂತಿದ್ದಳು. ಗಾಜಿನ ಲೋಟಗಳನ್ನು ಅಟ್ಟಕ್ಕೆ ಏರಿಸುತ್ತಿದ್ದಳು. ಒಂದೊಂದಾಗಿ, ಸದ್ದಿಲ್ಲದೆ.

ಕೊನೆಯ ಲೋಟ ಅವಳ ಕೈಯಲ್ಲಿರುವಾಗ ಮೊಪೆಡ್ ಸದ್ದು ಬಂತು.

ಅಪ್ಪ ನೆಟ್ಟಗೇ ನಡೆದು ಬಂದ. ಕೈಯಲ್ಲಿ ಉದ್ದಕ್ಕೆ ಸೀಳಿದ ಹಳೇ ಸೈಕಲ್ ಟ್ಯೂಬು. "ಡೈರಿಗ್ ಏಳ್ಬುಟ್ಟು ಬಂದೆ. ಇವತ್ತು ನಮ್ಮ ಆಲು ಬರಲ್ಲ ಅಂತ," ಅಂದ. ಸ್ಟೂಲಿನ ಮೇಲಿದ್ದ ಅಮ್ಮನನ್ನು ನೋಡಿದ. ಅವಳ ಕೈಯ ಲೋಟ ನೋಡಿದ. ಕಣ್ಣು ಕೆಳಗಿಳಿಸಿದ.

"ಜಾಡಿ ಎತ್ಕೊಂಬಾ," ಅಂದ ನನಗೆ.

"ಯಾವ್ ಜಾಡಿ ಅಪ್ಪಾ?" ಅಂದೆ. ಬಾಯಿಗೆ ಅಭ್ಯಾಸ.

"ರಾಗಿ ಮೂಟೆ ಇಂದೆ ಇರೋದು."

ಅಮ್ಮ ಇಳಿದಳು. "ಯಾವಾಗಿಂದ ಗೊತ್ತು?"

"ನೀನು ಇಟ್ಟಿದ್ ದಿನದಿಂದ. ನಂಗ್ ಗೊತ್ತಾಗ್ದಿರ್ತದಾ ಆ ವಾಸ್ನೆ?" ಅಪ್ಪ ಹೊಸಿಲ ಮೇಲೆ ಕೂತ. "ಒಳಗ್ ಮಲಗಕ್ಕಾಗ್ಲಿಲ್ಲ. ಆಂಟಿದು ಅಂತ ಗೊತ್ತಿತ್ತು, ಬ್ಯಾಡ ಅನ್ನಕ್ಕೆ ನಂಗ್ಯಾವ ಮುಖ? ಅದಕ್ಕೇ ಅಸುವಿನತ್ರ ಓದೆ. ಈಗ ಅದರ ಬಾಯಿಗೂ ತಂದಾಕಿದೀರ. ನಾನಿನ್ನೆಲ್ಲಿಗ್ ಓಗ್ಲಿ?"

ಕೊಟ್ಟಿಗೆಯಲ್ಲಿ ಹಸು ಒಂದು ದೊಡ್ಡ ತೇಗು ತೇಗಿತು.

ಜಾಡಿಯನ್ನು ಗೋಣಿಯಲ್ಲಿ ಸುತ್ತಿ, ಅಪ್ಪನ ಬೆನ್ನಿಗೂ ನನ್ನ ಹೊಟ್ಟೆಗೂ ನಡುವೆ ಇಟ್ಟು, ಟ್ಯೂಬಿನಲ್ಲಿ ಕಟ್ಟಿದೆವು. ದಾರಿಯುದ್ದಕ್ಕೂ ಅದು ನನ್ನ ಹೊಟ್ಟೆಯ ಮೇಲೆ ಗುಳುಕ್ ಗುಳುಕ್ ಅನ್ನುತ್ತಿತ್ತು. ಅಲುಗಾಡಿಸಬಾರದು ಅಂದಿದ್ದ ವೈನು ಕೆಜಿಎಫ್ ರಸ್ತೆಯ ಪ್ರತಿ ಹಳ್ಳದಲ್ಲೂ ಒಂದು ಸಲ ಆಕಾಶ ನೋಡಿ ಬಂತು. ನನಗೆ ಹೆದರಿಕೆಯಾದರೆ ಬಾಯಿ ನಿಲ್ಲುವುದಿಲ್ಲ. ಹಸು ಬಾಲ ನೋಡಿಕೊಂಡದ್ದು, ಅಮ್ಮ ಪುದೀನಾ ತುರುಕಿದ್ದು, ಎಲ್ಲಾ ಹೇಳುತ್ತಾ ಹೋದೆ. ಹಸು ಎರಡು ಕಾಲಲ್ಲಿ ನಿಂತು ನಮಸ್ಕಾರ ಮಾಡಿತು ಅಂದೆ. ಡೈರಿಗೆ ದಾರಿ ಯಾವುದು ಅಂತ ಕೇಳಿತು ಅಂದೆ.

ರಾಬರ್ಟ್‌ಸನ್‌ಪೇಟೆ ಬಂತು. ಅಂಗಡಿಗಳ ದೀಪ ಹತ್ತುತ್ತಿದ್ದವು. ಎಡಗಡೆ ಒಂದು ಬಾರು. ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು. ನನ್ನ ಮಾತು ತಾನಾಗಿ ನಿಂತಿತು. ಅಪ್ಪನ ಬೆನ್ನು ಕಲ್ಲಿನಂತೆ ಬಿಗಿಯಿತು. ಜಾಡಿಯ ಮೂಲಕವೇ ನನಗದು ಗೊತ್ತಾಯಿತು.

"ಮಾತಾಡೇ," ಅಂದ ಅಪ್ಪ. "ನಿಲ್ಲಿಸ್ಬ್ಯಾಡ. ಆಮೇಲೆ ಏನ್ ಮಾಡ್ತು ಅಸು?"

ಹಸು ಹಾಡು ಹೇಳಿತು ಅಂದೆ. ತಮಿಳಿನಲ್ಲಿ ಹೇಳಿತು ಅಂದೆ. ಪಕ್ಕದ ಮನೆ ಎಮ್ಮೆ ತೆಲುಗಿನಲ್ಲಿ ಬೈದಿತು ಅಂದೆ. ಬಾರು ದಾಟಿ, ಮಾರ್ಕೆಟ್ಟು ದಾಟಿ, ಮೈಸೂರು ಮೈನ್ಸಿನ ತಿರುವು ಬರುವವರೆಗೂ ಆ ಹಸುವಿಗೆ ನಾನು ಉಸಿರಾಡಲು ಬಿಡಲಿಲ್ಲ.

ಆಂಟಿಯ ಮನೆಗೆ ಹೊಸ ಶೀಟು ಬಂದಿತ್ತು. ಅವರು ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಎಡಗೈಯಿಂದ ಒಂದು ಚಮಚ ತೆಗೆದು ನಾಲಗೆಗೆ ಹಚ್ಚಿಕೊಂಡರು. "ಕಲಕಿಬಿಟ್ಟಿದೆ, ಪರವಾಗಿಲ್ಲ, ಕೂತ್ಕೊಳ್ತದೆ. ನಲ್ಲಾರುಕ್ಕು, ಚೆನ್ನಾಗದೆ," ಅಂದರು. ಆಮೇಲೆ ಬಾಗಿಲಾಚೆ ನೋಡಿದರು. ಅಪ್ಪ ರಸ್ತೆಯ ಆ ಬದಿಗೆ ಮೊಪೆಡ್ ನಿಲ್ಲಿಸಿ, ನಮ್ಮ ಕಡೆಗೆ ಬೆನ್ನು ಮಾಡಿ ನಿಂತಿದ್ದ. ಆಂಟಿ ಏನೂ ಕೇಳಲಿಲ್ಲ. ಒಂದು ಪೊಟ್ಟಣ ಬಿಸ್ಕತ್ತು ನನ್ನ ಕೈಗಿಟ್ಟರು.

ವಾಪಸು ಬಂದಾಗ ಅಮ್ಮ ಉಗ್ರಾಣಕ್ಕೆ ಫಿನಾಯಿಲ್ ಹಾಕಿ ತೊಳೆದು, ಸಾಂಬ್ರಾಣಿ ಹೊಗೆ ಹಾಕಿದ್ದಳು. ಮನೆಯೊಳಗೆ ಆಸ್ಪತ್ರೆಯೂ ದೇವಸ್ಥಾನವೂ ಒಟ್ಟಿಗೆ ಬಂದು ಕೂತಂತಿತ್ತು. ಅಪ್ಪ ಹೊಸಿಲಲ್ಲಿ ನಿಂತು ಮೂಗಿನಿಂದ ಉಸಿರೆಳೆದುಕೊಂಡ. ಇನ್ನೊಂದು ಸಲ ಎಳೆದುಕೊಂಡ. ನಾನೂ ಅಮ್ಮನೂ ಉಸಿರು ಬಿಟ್ಟಿರಲಿಲ್ಲ.

ಅಪ್ಪ ತಿರುಗಿ ಕೊಟ್ಟಿಗೆಗೆ ಹೋದ. ಮಂಚದ ತಲೆಕಡೆ ಎತ್ತಿ ಹಿಡಿದು ನನ್ನನ್ನು ಕರೆದ.

"ಆ ಕಡೆ ಇಡ್ಕೊಳ್ಳೇ. ಬಾಗ್ಲಿಗ್ ತಗಲ್ತದೆ, ನೋಡ್ಕೊಂಡ್ ಬಾ."