ಮರ ಹತ್ತುವವನ ವಿಮೆ

ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಿಮಾ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದೆ. ಬಂಟ್ವಾಳದ ಹಂಚಿನ ಕಾರ್ಖಾನೆ, ಸಿದ್ಧಕಟ್ಟೆಯ ಅಕ್ಕಿ ಮಿಲ್ಲು ಎಂದು ಸುತ್ತುತ್ತಿದ್ದೆ. ಕೆಲಸದಲ್ಲಿ ಆಳಿಗೆ ಪೆಟ್ಟಾದರೆ ಧನಿ ಪರಿಹಾರ ಕೊಡಬೇಕು. ಆ ಖರ್ಚಿಗೆ ವಿಮೆ. ಅದರ ಕಂತು ಎಷ್ಟಾದೀತೆಂದು ಅಂದಾಜು ಮಾಡುವುದು ನನ್ನ ಪಾಲಿನ ಕೆಲಸ. ವರ್ಷದ ಸಂಬಳ ಗೊತ್ತಾಗಬೇಕು, ಕೆಲಸದ ಅಪಾಯವೂ ಗೊತ್ತಾಗಬೇಕು. ಗುಮಾಸ್ತನ ದರವೇ ಬೇರೆ, ಗರಗಸದ ಮುಂದೆ ನಿಲ್ಲುವವನದೇ ಬೇರೆ.

ಮೂಡಬಿದ್ರೆಯಲ್ಲಿ ಮರದ ಮಿಲ್ಲಿನ ಧನಿಯೊಬ್ಬರು ಎಳನೀರು ಕೊಟ್ಟು ಕೂರಿಸಿ ಮಿಲ್ಲಿನವರ ಲೆಕ್ಕವನ್ನೆಲ್ಲ ಹೇಳಿದರು.

"ಕಾಡಿನಲ್ಲಿ ಮರ ಕಡಿಯುವವರು?" ಎಂದು ಕೇಳಿದೆ.

"ಅವರು ಕೂಲಿಯಾಳು ತರುವ ಮೇಸ್ತ್ರಿಯ ಜನ ಮಾರಾಯ್ರೇ. ನನಗೂ ಅವರಿಗೂ ಏನುಂಟು?"

"ಕೆಲಸ ನಿಮ್ಮದಲ್ಲವಾ? ಯಾರಾದರೂ ಬಿದ್ದರೆ ಕಾನೂನು ನಿಮ್ಮ ಬಾಗಿಲಿಗೇ ಬರ್ತದೆ. ಒಮ್ಮೆ ಹೋಗಿ ನೋಡಿ ಬರುವ."

ಮನಸ್ಸಿಲ್ಲದೆಯೇ ಒಪ್ಪಿದರು. ಅವರದೇ ಖಾಲಿ ಲಾರಿಯಲ್ಲಿ ಬೆಳ್ತಂಗಡಿ ದಾಟಿ, ಕಕ್ಕಿಂಜೆಯಲ್ಲಿ ಚಾ ಕುಡಿದು, ಚಾರ್ಮಾಡಿಯ ಬುಡದಲ್ಲಿ ಇಳಿದು ಕಾಡಿನೊಳಗೆ ನಡೆದೆವು. ಇಷ್ಟು ವರ್ಷ ಮರದ ವ್ಯಾಪಾರ ಮಾಡಿದ ಧನಿ ಮರ ಬೀಳುವುದನ್ನು ಕಂಡವರೇ ಅಲ್ಲ ಎಂದು ದಾರಿಯಲ್ಲಿ ತಿಳಿಯಿತು.

ಅಂದು ಕಡಿಯಬೇಕಾಗಿದ್ದ ಮರದ ಬುಡ ಒಂದು ಕೋಣೆಯಷ್ಟು ಅಗಲವಿತ್ತು. ಕಡಿಯುವ ಮೊದಲು ಕೊಂಬೆ, ಗೆಲ್ಲುಗಳನ್ನು ಸವರಬೇಕಂತೆ, ಇಲ್ಲದಿದ್ದರೆ ಬೀಳುವಾಗ ದಿಮ್ಮಿ ಸೀಳುತ್ತದೆ. ಒಬ್ಬ ಸಣಕಲು ಮನುಷ್ಯ ಸೊಂಟಕ್ಕೆ ಕೊಡಲಿ ಸಿಕ್ಕಿಸಿ ಹತ್ತತೊಡಗಿದ. ಕಾಂಡಕ್ಕೆ ಬಿದಿರಿನ ಗೂಟ ಬಡಿಯುವುದು, ಅದರ ಮೇಲೆ ಕಾಲಿಡುವುದು, ಮತ್ತೆ ಬಡಿಯುವುದು. ನೋಡುತ್ತಿದ್ದಂತೆ ಅವನು ಮಗುವಿನಷ್ಟಾದ, ಆಮೇಲೆ ಹಕ್ಕಿಯಷ್ಟಾದ. ಮೇಲೆ ಕೊಡಲಿ ಬೀಸುವುದು ಮೊದಲು ಕಾಣುತ್ತಿತ್ತು. ಸದ್ದು ಆಮೇಲೆ ಬರುತ್ತಿತ್ತು. ಒಂದು ಗೆಲ್ಲು ಮುರಿದು ಬಿದ್ದಾಗ ನೆಲ ನಡುಗಿತು, ಮರ ಇಡೀ ತೂಗಿತು. ಅವನೂ ಅದರೊಂದಿಗೆ ತೂಗಿದ. ಧನಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಅವನು ಇಳಿದು ಬಂದು ನೀರು ಕುಡಿದ. ಧನಿ ತುಳುವಿನಲ್ಲಿ ಕೇಳಿದರು: "ನಿನಗೆ ಹೆದರಿಕೆ ಇಲ್ಲವಾ?"

"ಮೇಲೆ ಇರುವಾಗ ಇಲ್ಲ ಧನಿಗಳೇ," ಎಂದು ಅವನು ನಕ್ಕ. "ಇಳಿದ ಮೇಲೆ ತಲೆ ಎತ್ತಿ ನೋಡಿದರೆ ಉಂಟು."

ಧನಿ ಬಹಳ ಹೊತ್ತು ಆ ಮರದ ತುದಿಯನ್ನೇ ನೋಡುತ್ತ ನಿಂತರು. ಮರಳಿ ಲಾರಿ ಹತ್ತುವಾಗ, "ಇವರನ್ನೆಲ್ಲ ಬರೆಯಿರಿ," ಎಂದರು.

ಮೇಸ್ತ್ರಿಯ ಹತ್ತಿರ ಕೂಲಿ ವಿಚಾರಿಸಿ, ಮರ ಹತ್ತುವವರನ್ನು ಎಲ್ಲರಿಗಿಂತ ಮೇಲಿನ ದರಕ್ಕೆ ಹಾಕಿ ಅಂದಾಜು ಒಪ್ಪಿಸಿದೆ. ಧನಿ ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಒಮ್ಮೆ ನಿಟ್ಟುಸಿರು ಬಿಟ್ಟು ರುಜು ಹಾಕಿದರು.

ಮರುವರ್ಷ ಕಾಡಿನಲ್ಲಿ ದಿಮ್ಮಿ ಉರುಳಿ ಮೇಸ್ತ್ರಿಯ ಜನರಲ್ಲೇ ಇನ್ನೊಬ್ಬ ಆಳಿನ ಕಾಲು ಜಜ್ಜಿಹೋಯಿತು. ಪರಿಹಾರ ಬಂದಾಗ ಧನಿ ನನ್ನನ್ನೂ ಕರೆದುಕೊಂಡು ಕಕ್ಕಿಂಜೆಯಲ್ಲಿದ್ದ ಅವನ ಮನೆಗೆ ಹೋದರು. ಕೋಲೂರಿ ಎದ್ದು ನಿಲ್ಲಲು ಹೊರಟವನನ್ನು "ಕೂತುಕೋ, ಕೂತುಕೋ" ಎಂದು ತಡೆದು, ತಾವೇ ಅವನ ಪಕ್ಕ ಜಗಲಿಯಲ್ಲಿ ಕುಳಿತರು.